ಅಮ್ಮನ ಮಣಿಕಟ್ಟು, ಲೂಸರ್ನಿನ ಮಳೆ ಮತ್ತು ಓದದೆ ಇಟ್ಟಿದ್ದ ಪಾಲಿಸಿ

ಪ್ರವಾಸ ವಿಮೆ ಎಂದರೆ 2024ರ ಮೇ ತಿಂಗಳವರೆಗೂ ನನ್ನ ಪಾಲಿಗೆ ವೀಸಾ ಕಡತಕ್ಕೆ ಸೇರಿಸಬೇಕಾದ ಮತ್ತೊಂದು ಕಾಗದವಷ್ಟೇ ಆಗಿತ್ತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವವರು ಕನಿಷ್ಠ 30,000 ಯೂರೋ ಮೊತ್ತದ, ಆ ಒಕ್ಕೂಟದ ಎಲ್ಲ ದೇಶಗಳಲ್ಲೂ ಚಾಲ್ತಿಯಲ್ಲಿರುವ ವೈದ್ಯಕೀಯ ವಿಮೆಯನ್ನು ಹೊಂದಿರಬೇಕೆಂಬ ನಿಯಮವಿದೆ. ಸ್ವಿಟ್ಜರ್ಲೆಂಡಿಗೆ ಹನ್ನೆರಡು ದಿನಗಳ ಪ್ರವಾಸ ಹೊರಟಿದ್ದ ನಾವು ನಾಲ್ವರು, ಅಂದರೆ ನಾನು, ನನ್ನ ಪತ್ನಿ, ಹನ್ನೆರಡು ವರ್ಷದ ಮಗಳು ಮತ್ತು 67 ವರ್ಷದ ನನ್ನ ತಾಯಿ, ಆ ನಿಯಮ ಪೂರೈಸುವ ಸಲುವಾಗಿಯೇ ಪಾಲಿಸಿ ಕೊಂಡೆವು. ಅಮ್ಮನ ಕಂತು ಸುಮಾರು 4,100 ರೂಪಾಯಿ. ಉಳಿದ ಮೂವರದು ಸೇರಿ 2,600. ನಲವತ್ತಕ್ಕೂ ಹೆಚ್ಚು ಪುಟಗಳ ಆ ದಾಖಲೆಯಲ್ಲಿ ನಾನು ಓದಿದ್ದು ಮೊದಲ ಪುಟವನ್ನು, ಅದರಲ್ಲೂ ಒಂದು ಲಕ್ಷ ಡಾಲರ್ ಎಂಬ ಮೊತ್ತವನ್ನು ಮತ್ತು ನಮ್ಮ ಹೆಸರುಗಳ ಕಾಗುಣಿತವನ್ನು ಮಾತ್ರ.

ಅರ್ಜಿ ತುಂಬುವಾಗ ನಡೆದ ಒಂದು ಸಣ್ಣ ಮಾತುಕತೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಅಮ್ಮನಿಗೆ ಹತ್ತು ವರ್ಷಗಳಿಂದ ರಕ್ತದೊತ್ತಡವಿದೆ. ಪಾಲಿಸಿ ಮಾಡಿಸಿಕೊಟ್ಟ ಏಜೆಂಟರು ನಮ್ಮ ಬಡಾವಣೆಯವರೇ, ಒಳ್ಳೆಯ ಮನಸ್ಸಿನಿಂದಲೇ, "ಸುಮ್ನೆ ಯಾಕ್ ಸಾರ್ ಬಿಪಿ ಅಂತ ಬರೀತೀರಾ? ಹೋಗಿ ಬರೋದು ಹನ್ನೆರಡು ದಿನ. ಪ್ರೀಮಿಯಂ ಏರುತ್ತೆ ಅಷ್ಟೇ," ಎಂದರು. ನಾನೂ ಒಪ್ಪುವವನೇ ಇದ್ದೆ. ಒಳಗಿನಿಂದ ಕಾಫಿ ತಂದ ಅಮ್ಮ ಅದನ್ನು ಕೇಳಿಸಿಕೊಂಡು, "ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ನುಂಗ್ತಾ ಇರೋ ಮಾತ್ರೇನ ಇಲ್ಲ ಅಂತ ಯಾಕೆ ಬರೀಬೇಕು? ಇದೆ ಅಂತಾನೇ ಬರಿ," ಎಂದರು. ಬರೆದೆವು. ಕಂತು ಏಳುನೂರು ರೂಪಾಯಿಯಷ್ಟು ಹೆಚ್ಚಾಯಿತು.

ಗುರುವಾರ ಮಧ್ಯಾಹ್ನ ನಾವು ಜ್ಯೂರಿಕ್ ತಲುಪಿದೆವು. ಅಮ್ಮ ಮತ್ತು ಮಗಳ ಬಟ್ಟೆಗಳಿದ್ದ ಪೆಟ್ಟಿಗೆ ತಲುಪಲಿಲ್ಲ. ಲಗೇಜು ಬರುವ ಪಟ್ಟಿ ಖಾಲಿಯಾಗಿ ಸುತ್ತಿ ಸುತ್ತಿ ನಿಂತ ಮೇಲೆ ಅಲ್ಲಿಯೇ ಇದ್ದ ಕೌಂಟರಿಗೆ ಹೋಗಿ ದೂರು ದಾಖಲಿಸಿದೆವು. ಲಗೇಜು ಕಳೆದಾಗ ಅಥವಾ ತಡವಾದಾಗ ವಿಮಾನ ನಿಲ್ದಾಣದಲ್ಲಿ ಬರೆದುಕೊಡುವ ಈ ವರದಿಗೆ ಪಿಐಆರ್ ಎನ್ನುತ್ತಾರೆ. ವಿಮಾನ ನಿಲ್ದಾಣದ ಮೂರಕ್ಷರ, ವಿಮಾನ ಸಂಸ್ಥೆಯ ಎರಡಕ್ಷರ ಮತ್ತು ಐದು ಅಂಕಿಗಳು ಸೇರಿದ ಹತ್ತು ಅಕ್ಷರಗಳ ಸಂಖ್ಯೆಯೊಂದು ಅದರ ಮೇಲಿರುತ್ತದೆ. ಅದನ್ನು ಪಡೆಯದೆ ಹೊರಗೆ ಬಂದರೆ ಆಮೇಲೆ ಯಾರ ಬಳಿಯೂ ಏನನ್ನೂ ಸಾಬೀತುಪಡಿಸುವುದು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಕೌಂಟರಿನಾಕೆ ಕೊಟ್ಟರು, ನಾನು ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೆ, ಅಷ್ಟೇ. ಅಮ್ಮನ ಮಾತ್ರೆಗಳು ಅದೃಷ್ಟಕ್ಕೆ ಕೈಚೀಲದಲ್ಲಿದ್ದವು. ಆದರೆ ನಡೆದಾಡಲೆಂದು ಮೈಸೂರಿನಲ್ಲಿ ಕೊಡಿಸಿದ್ದ ಹೊಸ ಶೂ ಪೆಟ್ಟಿಗೆಯಲ್ಲಿತ್ತು. ವಿಮಾನದಲ್ಲಿ ಕಾಲು ಊದುತ್ತದೆಂದು ಅವರು ಚಪ್ಪಲಿಯಲ್ಲಿ ಬಂದಿದ್ದರು.

ಶುಕ್ರವಾರ ಲೂಸರ್ನಿನಲ್ಲಿ ಮಳೆ. ಪತ್ನಿ ಒತ್ತಾಯ ಮಾಡಿ ಅಮ್ಮನನ್ನು ಪಾದರಕ್ಷೆಯ ಅಂಗಡಿಗೆ ಕರೆದೊಯ್ದಳು. ಅಲ್ಲೊಂದು ಕೆಂಪು ಬಣ್ಣದ ಶೂ ಅಮ್ಮನ ಕಾಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಎರಡು ಹೆಜ್ಜೆ ನಡೆದು ನೋಡಿದರು, ಕನ್ನಡಿಯ ಮುಂದೆ ಸೆರಗು ಎತ್ತಿ ಇನ್ನೊಮ್ಮೆ ನೋಡಿಕೊಂಡರು. ಆಮೇಲೆ ಬೆಲೆ ಕೇಳಿದರು. 119 ಫ್ರಾಂಕ್. ನಮ್ಮ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿಗೆ ಹತ್ತಿರ. "ಹನ್ನೊಂದು ಸಾವಿರದ್ದು ಕಾಲಿಗೆ ಹಾಕ್ಕೊಳ್ಳಕ್ಕೆ ನಾನೇನು ಮಹಾರಾಣೀನಾ? ನಾಳೆ ಪೆಟ್ಟಿಗೆ ಬರುತ್ತಲ್ಲ," ಎಂದು ಬಿಚ್ಚಿಟ್ಟು ಹೊರಗೆ ಬಂದುಬಿಟ್ಟರು. ಹಲ್ಲುಜ್ಜುವ ಬ್ರಷ್ಷು, ಒಳಉಡುಪು, ಒಂದು ಕೊಡೆ, ಹೀಗೆ 46 ಫ್ರಾಂಕಿನ ಸಾಮಾನು ಮಾತ್ರ ಕೊಂಡೆವು.

ಶನಿವಾರ ಮಧ್ಯಾಹ್ನ ಮಳೆ ನಿಂತಾಗ ಚಾಪೆಲ್ ಸೇತುವೆ ನೋಡಲು ಹೋದೆವು. ರಾಯ್ಸ್ ನದಿಗೆ ಓರೆಯಾಗಿ ಹಾಸಿರುವ ಆ ಮರದ ಸೇತುವೆಯ ಮಾಡಿನ ಕೆಳಗೆ ತ್ರಿಕೋನಾಕಾರದ ಹಳೆಯ ಚಿತ್ರಗಳಿವೆ. 1993ರ ಬೆಂಕಿಯಲ್ಲಿ ಬಹಳಷ್ಟು ಸುಟ್ಟುಹೋದವೆಂದು ಮಗಳು ಫಲಕ ಓದಿ ಅಜ್ಜಿಗೆ ಹೇಳುತ್ತಿದ್ದಳು. ಸೇತುವೆಯ ಮೇಲೆ ಏನೂ ಆಗಲಿಲ್ಲ. ಅದನ್ನು ದಾಟಿ ನದಿಯ ದಂಡೆಗೆ ಇಳಿಯುವ ಕಲ್ಲಿನ ಮೆಟ್ಟಿಲಲ್ಲಿ, ಕೊನೆಯಿಂದ ಎರಡನೆಯದರಲ್ಲಿ, ಅಮ್ಮನ ಎಡಗಾಲಿನ ಚಪ್ಪಲಿ ಜಾರಿತು. ಬಲಗೈ ಊರಿ ಬಿದ್ದರು. ಮಣಿಕಟ್ಟು ಊಟದ ಫೋರ್ಕಿನ ಬೆನ್ನಿನಂತೆ ಡೊಂಕಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಕ್ಕದಲ್ಲಿದ್ದ ಯಾರೋ 144ಕ್ಕೆ ಕರೆ ಮಾಡಿದರು. ಅಲ್ಲಿ ಆಂಬುಲೆನ್ಸಿನ ಸಂಖ್ಯೆ ಅದು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಮ್ಮನನ್ನು ತಕ್ಷಣ ಒಳಗೆ ಕರೆದುಕೊಂಡರು, ನೋವಿಗೆ ಚುಚ್ಚುಮದ್ದು ಕೊಟ್ಟರು, ಎಕ್ಸ್‌ರೇ ತೆಗೆದರು. ಅದಕ್ಕೆ ಯಾರೂ ಹಣ ಕೇಳಲಿಲ್ಲ. ಹೊರಗಿನ ನೋಂದಣಿ ಕೌಂಟರಿನಲ್ಲಿ ನನ್ನನ್ನು ಕೂರಿಸಿಕೊಂಡ ಮಧ್ಯವಯಸ್ಸಿನ ಮಹಿಳೆಯೊಬ್ಬರು ಮಾತ್ರ ಒಂದು ಪದವನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಕೋಸ್ಟೆನ್‌ಗುಟ್‌ಷ್ಪ್ರಾಖೆ. ಚಿಕಿತ್ಸೆಯ ವೆಚ್ಚವನ್ನು ನಾವು ಭರಿಸುತ್ತೇವೆಂದು ವಿಮಾ ಕಂಪನಿ ಬರೆದುಕೊಡುವ ಖಾತರಿ ಪತ್ರವದು. ಆ ದೇಶದ ವಿಮೆ ಇಲ್ಲದ ಪರದೇಶಿಗಳು ಒಂದೋ ಅದನ್ನು ತರಿಸಬೇಕು, ಇಲ್ಲವೇ ಮುಂಗಡ ಕಟ್ಟಬೇಕು. ಶಸ್ತ್ರಚಿಕಿತ್ಸೆ ಬೇಕಾದರೆ ಒಟ್ಟು ಖರ್ಚು ಹದಿನೈದು ಸಾವಿರ ಫ್ರಾಂಕಿನ ಆಸುಪಾಸಿನಲ್ಲಿರಬಹುದೆಂದು ಆಕೆ ಚೀಟಿಯ ಮೇಲೆ ಬರೆದು ನನ್ನತ್ತ ತಿರುಗಿಸಿದರು. ಮನಸ್ಸಿನಲ್ಲಿಯೇ ತೊಂಬತ್ತೆರಡರಿಂದ ಗುಣಿಸಿದೆ. ಸುಮಾರು ಹದಿನಾಲ್ಕು ಲಕ್ಷ ರೂಪಾಯಿ.

ಪಾಲಿಸಿಯ ಮೊದಲ ಪುಟದಲ್ಲಿದ್ದ ಶುಲ್ಕರಹಿತ ಸಂಖ್ಯೆ ಭಾರತದೊಳಗೆ ಮಾತ್ರ ಕೆಲಸ ಮಾಡುವಂಥದ್ದು. ಐದು ಬಾರಿ ಪ್ರಯತ್ನಿಸಿದ ಮೇಲೆ ಪತ್ನಿ ಫೋನು ಕಿತ್ತುಕೊಂಡು ಪಿಡಿಎಫ್‌ ಅನ್ನು ಕೊನೆಯಿಂದ ತಿರುವಿಹಾಕಿ, ವಿದೇಶದಿಂದ ಕರೆ ಮಾಡಬೇಕಾದ ಸಹಾಯವಾಣಿಯ ಬೇರೆ ಸಂಖ್ಯೆಯನ್ನು ಮೂವತ್ತೇಳನೆಯ ಪುಟದಲ್ಲಿ ಹುಡುಕಿದಳು. ಆಗ ಅಲ್ಲಿ ಸಂಜೆ ಐದು, ಇಲ್ಲಿ ರಾತ್ರಿ ಎಂಟೂವರೆ. ಕರೆ ಸ್ವೀಕರಿಸಿದಾತ ಪಾಲಿಸಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಆಸ್ಪತ್ರೆಯ ವಿಳಾಸ ಮತ್ತು ಬಿದ್ದ ಸಮಯವನ್ನು ಕೇಳಿ ಬರೆದುಕೊಂಡು, ವೈದ್ಯಕೀಯ ದಾಖಲೆ ಪಡೆಯಲು ಅಮ್ಮನ ಒಪ್ಪಿಗೆ ಪತ್ರ ಬೇಕೆಂದರು. ಬಲಗೈ ಮುರಿದ ಅಮ್ಮ ಎಡಗೈಯಲ್ಲಿ ಸಹಿ ಹಾಕಿದರು. ಅದು ಪಾಸ್‌ಪೋರ್ಟಿನ ಸಹಿಗೆ ಹೊಂದುವುದಿಲ್ಲವೆಂದು ಒಂದು ಗಂಟೆಯ ನಂತರ ವಾಪಸು ಬಂತು. ಕೈಯ ಎಕ್ಸ್‌ರೇ ಫೋಟೋವನ್ನು ಜತೆಗಿಟ್ಟು, ಸಾಕ್ಷಿಯಾಗಿ ನನ್ನ ಸಹಿಯನ್ನೂ ಸೇರಿಸಿ ಮತ್ತೆ ಕಳುಹಿಸಿದೆ.

ಅಷ್ಟರೊಳಗೆ ಮುಂಗಡವಾಗಿ 3,000 ಫ್ರಾಂಕ್ ಕಟ್ಟಿದೆ. ಆ ಕ್ರೆಡಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಹೊರಡುವ ಮುನ್ನಾದಿನ ಮಗಳು ನೆನಪಿಸಿದ್ದಕ್ಕೆ ಚಾಲೂ ಮಾಡಿಟ್ಟಿದ್ದೆನಾದ್ದರಿಂದ ಹಣ ಹೋಯಿತು. ನಮ್ಮ ಬ್ಯಾಂಕುಗಳು ಹೊಸ ಕಾರ್ಡುಗಳಲ್ಲಿ ಆ ಸೌಲಭ್ಯವನ್ನು ನಾವಾಗಿ ಕೇಳುವವರೆಗೆ ಕೊಡುವುದಿಲ್ಲ.

ನಿಜವಾದ ತೊಡಕು ಎದುರಾದದ್ದು ರಾತ್ರಿ ಎಂಟರ ಹೊತ್ತಿಗೆ. ವಿಮಾ ಕಂಪನಿಯ ಪರವಾಗಿ ಮಾತನಾಡಿದ ವೈದ್ಯರು ಒಂದು ಪ್ರಶ್ನೆ ಕೇಳಿದರು: ಮೂಳೆಯನ್ನು ಸದ್ಯಕ್ಕೆ ಎಳೆದು ಕೂರಿಸಿ, ಪ್ಲಾಸ್ಟರ್ ಹಾಕಿ, ಭಾರತಕ್ಕೆ ಹೋದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಲ್ಲವೆ? ಕೇಳಿದಾಗ ನನಗೆ ಮೈ ಉರಿಯಿತು. ಆದರೆ ಆಮೇಲೆ ಪಾಲಿಸಿಯನ್ನು ಓದಿದಾಗ ಅವರು ಕೇಳಿದ್ದು ಷರತ್ತಿಗೆ ಅನುಗುಣವಾಗಿಯೇ ಇತ್ತೆಂದು ತಿಳಿಯಿತು. ಪ್ರವಾಸ ವಿಮೆ ಕೊಡುವುದು ತುರ್ತು ಚಿಕಿತ್ಸೆಗೆ. ಊರಿಗೆ ಮರಳುವವರೆಗೆ ಮುಂದೂಡಬಹುದಾದುದಕ್ಕೆ ಅಲ್ಲ. ಒಂದು ಲಕ್ಷ ಡಾಲರ್ ಎಂಬ ಅಂಕಿಯನ್ನು ಮಾತ್ರ ನೋಡಿದವನಿಗೆ ಇದು ಹೊಳೆಯುವುದಿಲ್ಲ. ನಾನು ವಾದ ಮಾಡುವುದನ್ನು ಬಿಟ್ಟು, ಕರ್ತವ್ಯದಲ್ಲಿದ್ದ ಶಸ್ತ್ರಚಿಕಿತ್ಸಕಿಯ ಬಳಿಗೆ ಹೋಗಿ ಅದೇ ಪ್ರಶ್ನೆಯನ್ನು ಮುಂದಿಟ್ಟೆ. ಆಕೆ ಅಮ್ಮನ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟಿ, ಗೊತ್ತಾಗುತ್ತಿದೆಯೇ ಎಂದು ಕೇಳುವಂತೆ ನನಗೆ ಹೇಳಿದರು. "ಜೋಮು ಹಿಡಿದ ಹಾಗಿದೆ ಕಣೋ, ಮುಟ್ಟಿದ್ದು ಸರಿಯಾಗಿ ಗೊತ್ತಾಗ್ತಾ ಇಲ್ಲ," ಎಂದರು ಅಮ್ಮ. ಸರಿದ ಮೂಳೆ ನರವನ್ನು ಒತ್ತುತ್ತಿದೆ, ಕಾಯಿಸುವುದು ಸರಿಯಲ್ಲ ಎಂಬರ್ಥದ ಎರಡು ಸಾಲುಗಳನ್ನು ಆಕೆ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಅದನ್ನು ಕಳುಹಿಸಿದ ನಲವತ್ತು ನಿಮಿಷಕ್ಕೆ ಖಾತರಿ ಪತ್ರ ಬಂತು. ಇಡೀ ಪ್ರಕರಣದಲ್ಲಿ ಹದಿನಾಲ್ಕು ಲಕ್ಷವನ್ನು ಉಳಿಸಿದ ಕಾಗದ ಯಾವುದೆಂದು ಕೇಳಿದರೆ ನಾನು ಪಾಲಿಸಿಯನ್ನಲ್ಲ, ಆ ಎರಡು ಸಾಲಿನ ಚೀಟಿಯನ್ನೇ ತೋರಿಸುತ್ತೇನೆ.

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾಯಿತು. ಮಣಿಕಟ್ಟಿಗೆ ಪ್ಲೇಟು ಹಾಕಿದರು. ಸೋಮವಾರ ಪೆಂಟಕಾಸ್ಟ್ ಹಬ್ಬದ ರಜೆ, ಹಾಗಾಗಿ ಆಸ್ಪತ್ರೆಯ ಬಿಲ್ಲಿಂಗ್ ಕಚೇರಿ ತೆರೆದದ್ದು ಮಂಗಳವಾರ. ಅಂದೇ ಬಿಡುಗಡೆ. ಕಳೆದುಹೋಗಿದ್ದ ಪೆಟ್ಟಿಗೆ ಶನಿವಾರ ಸಂಜೆಯೇ, ಅಮ್ಮ ಎಕ್ಸ್‌ರೇ ಕೋಣೆಯಲ್ಲಿದ್ದ ಹೊತ್ತಿಗೆ, ಹೋಟೆಲಿಗೆ ಬಂದು ತಲುಪಿತ್ತು. ಗುರುವಾರ ಗಾಯವನ್ನು ಮತ್ತೆ ನೋಡಬೇಕೆಂದು ವೈದ್ಯರು ಹೇಳಿದ್ದರಿಂದ ಇಂಟರ್ಲಾಕೆನ್‌ನಲ್ಲಿ ನಾಲ್ಕು ರಾತ್ರಿಗೆ ಕಾದಿರಿಸಿದ್ದ ಎರಡು ಕೋಣೆಗಳು ಹೋದವು. ಹಣ ಮರಳದ ಬುಕಿಂಗ್ ಅದು, 1,120 ಫ್ರಾಂಕ್. ಮಗಳು ನೋಡಬೇಕೆಂದಿದ್ದ ಯುಂಗ್‌ಫ್ರಾವ್ ಹಿಮಶಿಖರ ಪೋಸ್ಟ್‌ಕಾರ್ಡಿನಲ್ಲಿಯೇ ಉಳಿಯಿತು. ಉಳಿದ ದಿನಗಳನ್ನು ಲೂಸರ್ನಿನ ಸರೋವರದ ದಂಡೆಯ ಬೆಂಚಿನಲ್ಲಿ ಹಂಸಗಳಿಗೆ ಹೆಸರಿಡುತ್ತಾ ಕಳೆದೆವು. ಅದೇನೂ ಕೆಟ್ಟದಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು.

ಹೊರಡುವ ಮೊದಲು ವಿಮಾನಯಾನಕ್ಕೆ ಅಡ್ಡಿಯಿಲ್ಲವೆಂಬ ಪತ್ರ, ಬಿಡುಗಡೆ ಸಾರಾಂಶ, ವಿವರವಾದ ಬಿಲ್ಲು, ಎಕ್ಸ್‌ರೇ ಇರುವ ಸಿಡಿ, ಆಂಬುಲೆನ್ಸಿನ ರಸೀದಿ, ಇಂಟರ್ಲಾಕೆನ್ ಹೋಟೆಲಿನವರಿಂದ ಹಣ ಮರಳಿಸಿಲ್ಲವೆಂಬ ಇಮೇಲ್, ಪೆಟ್ಟಿಗೆ ಯಾವ ದಿನ ಎಷ್ಟು ಗಂಟೆಗೆ ತಲುಪಿತೆಂಬ ವಿಮಾನ ಸಂಸ್ಥೆಯ ಪತ್ರ ಇಷ್ಟನ್ನೂ ಪತ್ನಿ ಸಂಗ್ರಹಿಸಿದಳು. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುವ ಅವಳಿಗೆ ಯಾವ ಕಾಗದ ಮುಂದೆ ಕೇಳಲ್ಪಡುತ್ತದೆಂಬ ಮೂಗು ಇದೆ. ಅಂಗಡಿಯ ರಸೀದಿಗಳ ಫೋಟೋವನ್ನೂ ತೆಗೆದಿಟ್ಟಿದ್ದಳು. ಅದು ಒಳ್ಳೆಯದೇ ಆಯಿತು. ಮೈಸೂರು ತಲುಪುವ ಹೊತ್ತಿಗೆ ಆ ನುಣುಪು ಕಾಗದದ ಮೇಲಿನ ಅಕ್ಷರಗಳು ಅರ್ಧ ಮಾಸಿದ್ದವು.

ಊರಿಗೆ ಬಂದ ಮೇಲೆ ಮೂರು ಪ್ರತ್ಯೇಕ ಕ್ಲೇಮು ಹಾಕಬೇಕಾಯಿತು: ಚಿಕಿತ್ಸೆ, ಲಗೇಜು, ಮೊಟಕಾದ ಪ್ರವಾಸ. ಪ್ರತಿಯೊಂದಕ್ಕೂ ಕ್ಲೇಮ್ ಫಾರ್ಮ್, ಹೋಗಿ ಬಂದ ಮೊಹರುಗಳಿರುವ ಪಾಸ್‌ಪೋರ್ಟ್ ಪುಟಗಳು, ಬೋರ್ಡಿಂಗ್ ಪಾಸ್, ಪ್ಯಾನ್ ಕಾರ್ಡು, ರದ್ದುಗೊಳಿಸಿದ ಚೆಕ್ಕು. ಬಿಡುಗಡೆ ಸಾರಾಂಶ ಜರ್ಮನ್ ಭಾಷೆಯಲ್ಲಿತ್ತು. ಇಂಗ್ಲಿಷ್ ಅನುವಾದ ಬೇಕೆಂದರು, ಬೆಂಗಳೂರಿನ ಅನುವಾದಕರೊಬ್ಬರಿಂದ ಮಾಡಿಸಿ ಕಳುಹಿಸಿದೆ. ಮೂರನೆಯ ವಾರದಲ್ಲಿ ಬಂದ ಇಮೇಲು ಮಾತ್ರ ನನ್ನ ಎದೆಯನ್ನು ಒಂದು ಕ್ಷಣ ನಿಲ್ಲಿಸಿತು. ಅರಿವಳಿಕೆ ತಜ್ಞರ ಟಿಪ್ಪಣಿಯಲ್ಲಿ ರೋಗಿಗೆ ದೀರ್ಘಕಾಲದ ರಕ್ತದೊತ್ತಡವಿದೆ, ಆಮ್ಲೋಡಿಪಿನ್ ಸೇವಿಸುತ್ತಾರೆ ಎಂದು ನಮೂದಾಗಿದೆ; ಇದು ಯಾವಾಗಿನಿಂದ ಇದೆ, ಅರ್ಜಿಯಲ್ಲಿ ತಿಳಿಸಲಾಗಿತ್ತೇ, ಚಿಕಿತ್ಸೆ ನೀಡುತ್ತಿರುವ ವೈದ್ಯರ ಪತ್ರ ಕಳುಹಿಸಿ ಎಂಬುದು ಅದರ ಸಾರಾಂಶ. ತಲೆಸುತ್ತಿ ಬಿದ್ದರೇ, ಜಾರಿ ಬಿದ್ದರೇ ಎಂಬುದು ಅವರ ಗುಮಾನಿ. ಅರ್ಜಿಯ ನಾಲ್ಕನೆಯ ಪುಟದಲ್ಲಿ "ಹೌದು, 2014ರಿಂದ" ಎಂದು ನಾವೇ ಬರೆದಿದ್ದ ಸಾಲಿನ ಪ್ರತಿಯನ್ನೂ, ಮೈಸೂರಿನ ನಮ್ಮ ಡಾಕ್ಟರ ಪತ್ರವನ್ನೂ ಕಳುಹಿಸಿದೆ. ಆ ವಿಷಯವಾಗಿ ಮತ್ತೆ ಅವರು ಏನನ್ನೂ ಕೇಳಲಿಲ್ಲ. ಅಂದು ಏಜೆಂಟರ ಮಾತು ಕೇಳಿದ್ದರೆ ಆ ಇಮೇಲಿಗೆ ನಾನು ಏನೆಂದು ಉತ್ತರ ಬರೆಯುತ್ತಿದ್ದೆನೋ, ಯೋಚಿಸಲು ಈಗಲೂ ಇಷ್ಟವಾಗುವುದಿಲ್ಲ.

ಆಸ್ಪತ್ರೆಯ ಒಟ್ಟು ಬಿಲ್ಲು, ಆಂಬುಲೆನ್ಸ್ ಸೇರಿ, 16,340 ಫ್ರಾಂಕ್. ಹದಿನೈದು ಲಕ್ಷ ರೂಪಾಯಿಗೆ ತುಸು ಹೆಚ್ಚು. ಕಂಪನಿ ಅದರ ಬಹುಪಾಲನ್ನು ನೇರವಾಗಿ ಆಸ್ಪತ್ರೆಗೆ ಕಟ್ಟಿತು. ಎಲ್ಲವನ್ನೂ ಅಲ್ಲ. ಪಾಲಿಸಿಯ ಮೊದಲ ಪುಟದ ಒಂದು ಲಕ್ಷ ಡಾಲರಿನ ಹಿಂದೆ, ಒಳಪುಟವೊಂದರಲ್ಲಿ, ಅರವತ್ತು ದಾಟಿದವರಿಗೆ ಪ್ರತ್ಯೇಕವಾದ ಕೋಷ್ಟಕವಿತ್ತು. ಇದನ್ನು ಸಬ್‌ಲಿಮಿಟ್ ಎನ್ನುತ್ತಾರೆ: ದಿನದ ಕೋಣೆ ಬಾಡಿಗೆಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು, ಅರಿವಳಿಕೆಗೆ ಅದರ ಶೇಕಡಾ 25, ವೈದ್ಯರ ಪ್ರತಿ ಭೇಟಿಗೆ ಇಷ್ಟು. ಆಂಬುಲೆನ್ಸಿಗೆ ನಿಗದಿಯಾಗಿದ್ದ ಮಿತಿ 400 ಡಾಲರ್. ನಮ್ಮ ಆಂಬುಲೆನ್ಸಿನ ಬಿಲ್ಲು 912 ಫ್ರಾಂಕ್, ಅಂದರೆ ಸಾವಿರ ಡಾಲರಿನಷ್ಟು. ಮೊದಲ 100 ಡಾಲರನ್ನು ನಾವೇ ಭರಿಸಬೇಕೆಂಬ ಷರತ್ತು ಬೇರೆ. ಹೀಗೆ ನಮ್ಮ ಕೈಯಿಂದ ಹೋದದ್ದು ಒಂದು ಲಕ್ಷದ ಇಪ್ಪತ್ತು ಸಾವಿರದ ಹತ್ತಿರ. ಮುಂಗಡವಾಗಿ ಕಟ್ಟಿದ್ದ 3,000 ಫ್ರಾಂಕಿನಲ್ಲಿ ಇದನ್ನು ಮುರಿದುಕೊಂಡು ಉಳಿದದ್ದನ್ನು ಆಸ್ಪತ್ರೆ ಮೂರು ವಾರದ ನಂತರ ಕಾರ್ಡಿಗೆ ಮರಳಿಸಿತು. ಕಾರ್ಡಿನವರು ವಿದೇಶಿ ವಹಿವಾಟಿಗೆಂದು ಹಿಡಿದ ಶೇಕಡಾ 3.5 ಮರಳಲಿಲ್ಲ. ಸ್ವಲ್ಪ ಹೆಚ್ಚಿನ ಕಂತಿಗೆ ಸಬ್‌ಲಿಮಿಟ್ ಇಲ್ಲದ ಪಾಲಿಸಿಯೂ ಸಿಗುತ್ತಿತ್ತು ಎಂದು ಏಜೆಂಟರು ಆಮೇಲೆ ಹೇಳಿದರು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮಗದೊಮ್ಮೆ ವಯಸ್ಸಾದವರನ್ನು ಕರೆದುಕೊಂಡು ಹೊರಟರೆ ನಾನು ಮೊದಲು ತಿರುವುವುದು ಆ ಕೋಷ್ಟಕವನ್ನೇ.

ಜಗಳವಾದದ್ದು ಇಂಟರ್ಲಾಕೆನ್ ಹೋಟೆಲಿನ ಬಾಬತ್ತಿಗೆ. ಗಾಯಗೊಂಡವರು ಒಬ್ಬರೇ ಆದ್ದರಿಂದ ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಕೊಡುತ್ತೇವೆ, ಉಳಿದ ಮೂವರು ಪ್ರವಾಸ ಮುಂದುವರಿಸಬಹುದಿತ್ತು ಎಂದು ಕಂಪನಿ ಬರೆಯಿತು. ಬಲಗೈಗೆ ಪ್ಲೇಟು ಹಾಕಿಸಿಕೊಂಡ 67 ವರ್ಷದ ತಾಯಿಯನ್ನು ಪರದೇಶದ ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಹಿಮ ನೋಡಲು ಹೋಗಬಹುದಿತ್ತು ಎಂದರ್ಥ. ಕೋಪದಲ್ಲಿ ಉದ್ದದ ಪತ್ರವೊಂದನ್ನು ಬರೆದೆ. ಪತ್ನಿ ಅದನ್ನು ಅಳಿಸಿ, ಜತೆಯಲ್ಲಿ ಪ್ರಯಾಣಿಸುವ ಹತ್ತಿರದ ಬಂಧು ಆಸ್ಪತ್ರೆಗೆ ದಾಖಲಾದರೂ ಈ ಸೌಲಭ್ಯ ಅನ್ವಯಿಸುತ್ತದೆಂಬ ಪಾಲಿಸಿಯ ವಾಕ್ಯವನ್ನೇ ಪುಟಸಂಖ್ಯೆ ಸಹಿತ ಉಲ್ಲೇಖಿಸಿ, ನಾಲ್ಕು ಸಾಲಿನ ದೂರನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿದಳು. ಅಲ್ಲಿ ಬಗೆಹರಿಯದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬೀಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಕಂಪನಿ ಒಂದು ತಿಂಗಳಾದರೂ ಉತ್ತರಿಸದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ಇಂಥ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ನಾವು ಅಷ್ಟು ದೂರ ಹೋಗಬೇಕಾಗಲಿಲ್ಲ. ಹನ್ನೊಂದನೆಯ ದಿನ ಉಳಿದ ಮೂರು ಪಾಲೂ ಖಾತೆಗೆ ಜಮೆಯಾಯಿತು.

ಲಗೇಜಿನ ಕ್ಲೇಮಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪೆಟ್ಟಿಗೆ ಹನ್ನೆರಡು ಗಂಟೆಗಿಂತ ಹೆಚ್ಚು ತಡವಾದರೆ, ಆ ಅವಧಿಯಲ್ಲಿ ಕೊಂಡ ಅಗತ್ಯ ವಸ್ತುಗಳಿಗೆ, ರಸೀದಿ ಇದ್ದಷ್ಟಕ್ಕೆ, 100 ಡಾಲರಿನವರೆಗೆ ಕೊಡುವ ಷರತ್ತು. ನಮ್ಮದು ಎರಡು ದಿನ ತಡವಾಗಿತ್ತು. ಬ್ರಷ್ಷು, ಒಳಉಡುಪು, ಕೊಡೆಯ 46 ಫ್ರಾಂಕು ರೂಪಾಯಿಯಾಗಿ ಬಂದ ದಿನ ಅಮ್ಮ ಅಡುಗೆಮನೆಯಲ್ಲಿ ಕೂತು ಸ್ಪಂಜಿನ ಚೆಂಡನ್ನು ಬಲಗೈಯಲ್ಲಿ ಹಿಸುಕುವ ವ್ಯಾಯಾಮ ಮಾಡುತ್ತಿದ್ದರು. ಯಾವುದಕ್ಕೆ ಬಂದ ದುಡ್ಡೆಂದು ಕೇಳಿದರು. ಹೇಳಿದೆ. ಚೆಂಡು ಹಿಸುಕುವುದು ನಿಂತಿತು.

"ಹಾಗಾದ್ರೆ ಆ ಶೂ ತಗೊಂಡಿದ್ರೂ ಕೊಡ್ತಿದ್ರಾ?"

"ಒಂದಷ್ಟು ಭಾಗ ಕೊಡ್ತಿದ್ರಮ್ಮ."

ಅಮ್ಮ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಮೊದಲೇ ಹೇಳಬಾರದಿತ್ತೇನೋ? ಆ ಕೆಂಪು ಶೂ ಎಷ್ಟು ಚೆನ್ನಾಗಿತ್ತು," ಎಂದು ಮತ್ತೆ ಚೆಂಡು ಹಿಸುಕತೊಡಗಿದರು.